ಅಪ್ಪನ ಕಾಲಿನ ಗಾಯ ಮತ್ತು ಸೇಡಂ ರಸ್ತೆಯ ಪಾದ ಕ್ಲಿನಿಕ್

ಅಪ್ಪನಿಗೆ ಶುಗರ್ ಬಂದು 14 ವರ್ಷ ಆಯ್ತು. ಏಪ್ರಿಲ್‌ನ ಕಲಬುರಗಿ ಬಿಸಿಲು ಗೊತ್ತಲ್ವಾ, ಮಟಮಟ ಮಧ್ಯಾಹ್ನ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿದ್ದಾರೆ. ಕಾಲು ಸುಟ್ಟಿದ್ದು ಅವರಿಗೆ ಗೊತ್ತೇ ಆಗಿಲ್ಲ. ಸಂಜೆ ಮನೆಯೊಳಗೆ ಒದ್ದೆ ಹೆಜ್ಜೆ ಗುರುತು ನೋಡಿ ಅವ್ವ ಕಾಲು ಎತ್ತಿಸಿದಾಗ, ಹೆಬ್ಬೆರಳ ಬುಡದಲ್ಲಿ ಗುಳ್ಳೆ ಒಡೆದಿತ್ತು.

ಆರು ವಾರ ಬೇರೆ ಕಡೆ ಡ್ರೆಸಿಂಗ್ ಮಾಡಿಸಿದೆವು. ಮುಲಾಮು ಬದಲಾಯಿತು, ಗಾಯ ಬದಲಾಗಲಿಲ್ಲ. ಆಮೇಲೆ ಪಕ್ಕದ ಮನೆಯವರು ಹೇಳಿದ್ದಕ್ಕೆ ಇಲ್ಲಿಗೆ ಬಂದೆವು.

ಇಲ್ಲಿ ಮೊದಲು ಪೂರ್ತಿ ಕಾಲು ನೋಡಿದರು. "ಕಾಕಾ, ಕಣ್ಣು ಮುಚ್ಚ್ರಿ, ಮುಟ್ಟಿದಾಗ ಹ್ಞೂ ಅನ್ರಿ" ಅಂತ ಡಾಕ್ಟರ್ ಒಂದು ನೈಲಾನ್ ಎಳೆ ತಗೊಂಡು ಪಾದಕ್ಕೆ ಒತ್ತಿದರು. 10 ಗ್ರಾಂ ಭಾರಕ್ಕೆ ಬಾಗುವ ಎಳೆ ಅದು. ಅದು ಬಾಗಿತು, ಅಪ್ಪ ಸುಮ್ನೆ ಕಣ್ಣು ಮುಚ್ಚಿ ಕೂತೇ ಇದ್ದರು. ಎದುರಿಗೆ ನಿಂತಿದ್ದ ನನಗೆ ಹೊಟ್ಟೆ ಚುರ್ ಅಂತು. ಆಮೇಲೆ ತೋಳಿನ ಬಿಪಿ, ಹಿಮ್ಮಡಿ ಹತ್ತಿರದ ಬಿಪಿ ಎರಡನ್ನೂ ನೋಡಿ ಕಾಲಿಗೆ ರಕ್ತ ಎಷ್ಟು ಹೋಗ್ತಿದೆ ಅಂತ ಲೆಕ್ಕ ಹಾಕಿದರು.

ಗಾಯ ಯಾಕೆ ಮಾಯ್ತಿಲ್ಲ ಅಂತ ನಮಗೆ ಅರ್ಥ ಆಗಿದ್ದು ಅವತ್ತೇ. ನರ ಜಡವಾಗಿ ನೋವು ಗೊತ್ತಾಗದ ಕಾರಣ ಗಾಯದ ಮೇಲೇ ಭಾರ ಹಾಕಿ ನಡೀತಾರೆ, ಹೊಸ ಚರ್ಮ ಬರುವಷ್ಟರಲ್ಲಿ ಜಜ್ಜಿ ಹೋಗುತ್ತದೆ. ರಕ್ತನಾಳ ಕಿರಿದಾದರೆ ಆಮ್ಲಜನಕ ಸಾಲದು. ಸಕ್ಕರೆ ಜಾಸ್ತಿ ಇದ್ದಾಗ ಬಿಳಿ ರಕ್ತಕಣಗಳೂ ಕ್ರಿಮಿಗಳ ಜೊತೆ ಸರಿಯಾಗಿ ಹೋರಾಡುವುದಿಲ್ಲ. ಮಾಮೂಲಿ ಗಾಯದಲ್ಲಿ ಕೆಲವು ದಿನಕ್ಕೆ ಉರಿಯೂತ ಇಳಿದು ಹೊಸ ಮಾಂಸ ಕಟ್ಟುತ್ತದೆ, ಇಂಥ ಗಾಯ ಉರಿಯೂತದಲ್ಲೇ ನಿಂತುಬಿಡುತ್ತದೆ.

ಸುತ್ತಲಿನ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ತೆಗೆದರು. ಒಳಗೆ ಗಾಯ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು. ಮುಂಗಾಲಿಗೆ ಭಾರ ಬೀಳದ ಚಪ್ಪಲಿ ಕೊಟ್ಟು, ಬಚ್ಚಲಿಗೆ ಹೋಗುವಾಗಲೂ ಬಿಚ್ಚಬಾರದು ಅಂದರು. ಅಪ್ಪನನ್ನು ಒಪ್ಪಿಸೋದೇ ದೊಡ್ಡ ಕೆಲಸ ಆಯ್ತು, ಮನೆಯೊಳಗೆ ಚಪ್ಪಲಿ ಹಾಕೋದಾ ಅಂತ ಎರಡು ದಿನ ಮುನಿಸಿಕೊಂಡಿದ್ದರು. ಶುಗರ್ ಹತೋಟಿಗೆ ಇನ್ಸುಲಿನ್ ಶುರುವಾಯಿತು. ಪ್ರತಿ ವಾರ ಕಾಗದದ ಸ್ಕೇಲ್ ಇಟ್ಟು ಗಾಯ ಅಳೆದು ಬರೆದುಕೊಳ್ಳುತ್ತಿದ್ದರು. ನಾಲ್ಕು ವಾರಕ್ಕೆ ಅರ್ಧಕ್ಕರ್ಧ ಇಳಿಯದಿದ್ದರೆ ಚಿಕಿತ್ಸೆ ಬದಲಿಸಬೇಕು ಅಂತ ಮೊದಲೇ ಹೇಳಿದ್ದರು. ನಮ್ಮದು ಇಳಿಯಿತು, 11 ವಾರಕ್ಕೆ ಮುಚ್ಚಿತು.

ಬೇಜಾರಿನ ವಿಷಯ ಒಂದೇ, ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕಾಲಿನ ಗಾಯದವರು ಮೆಟ್ಟಿಲು ಹತ್ತಬೇಕು ಅಂದ್ರೆ ಹೇಗೆ? ದಯವಿಟ್ಟು ಕೆಳಗೆ ಒಂದು ಕೋಣೆ ಮಾಡಿ.

ಸೋಮವಾರ ಎರಡು ತಾಸು ಕಾಯಬೇಕಾಗುತ್ತದೆ, ಬೇರೆ ದಿನ ಹೋಗಿ. ಹೋಗುವಾಗ ದಿನಾ ಹಾಕುವ ಚಪ್ಪಲಿ, ಬೂಟುಗಳನ್ನೂ ತಗೊಂಡು ಹೋಗಿ, ಒಳಗೆ ಕೈ ಹಾಕಿ ನೋಡ್ತಾರೆ. ಅಪ್ಪನ ಹಳೇ ಚಪ್ಪಲಿಯಲ್ಲಿ ಒಂದು ಮೊಳೆ ಮೇಲೆದ್ದಿತ್ತು.