ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆ: ಬೇರೆ ಬೇರೆ ಡಾಕ್ಟರಾ, ಒಂದೇ ತಂಡವಾ?

ಶುಗರ್‌ಗೆ ಒಬ್ಬ ಡಾಕ್ಟರು, ಮನಸ್ಸಿಗೆ ಇನ್ನೊಬ್ಬರು. ನಮ್ಮಲ್ಲಿ ಸಾಮಾನ್ಯ ದಾರಿ ಇದೇ ಅಲ್ವಾ? ಇಬ್ಬರೂ ಒಳ್ಳೆಯವರೇ ಇರಬಹುದು, ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಮನಸ್ಸು ಕುಸಿದವರಿಗೆ ಎರಡೆರಡು ಕಡೆ ಓಡಾಡುವ ಶಕ್ತಿಯೂ ಇರುವುದಿಲ್ಲ.

ಇನ್ನೊಂದು ದಾರಿ ತಂಡದ ಆರೈಕೆ. ಡಯಾಬಿಟಿಸ್ ಕ್ಲಿನಿಕ್‌ನಲ್ಲೇ ಒಬ್ಬ ಆರೈಕೆ ಸಂಯೋಜಕರು ಇರುತ್ತಾರೆ. ಅವರು ರೋಗಿಯನ್ನು ಆಗಾಗ ಮಾತಾಡಿಸುತ್ತಾರೆ, ಸಕ್ಕರೆ, ಬಿಪಿ, ಮನಸ್ಥಿತಿ ಮೂರನ್ನೂ ಗಮನಿಸುತ್ತಾರೆ. ಮನೋವೈದ್ಯರು ಅವರ ಜೊತೆ ಕೂತು ಪರಿಶೀಲಿಸಿ, ಔಷಧಿ ಬದಲಾಯಿಸಬೇಕಾ ಎಂದು ಸಲಹೆ ಕೊಡುತ್ತಾರೆ.

ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣದ ಕ್ಲಿನಿಕ್‌ಗಳಲ್ಲಿ 404 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2020ರಲ್ಲಿ ಬಂತು. ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಒಂದಾದರೂ ಸುಧಾರಿಸಿದವರು ಎಷ್ಟು? ಎರಡು ವರ್ಷದ ನಂತರ ತಂಡದ ಆರೈಕೆಯಲ್ಲಿ 71.6%, ಮಾಮೂಲಿ ಆರೈಕೆಯಲ್ಲಿ 57.4%. ಮಾಮೂಲಿ ದಾರಿಯೂ ಸುಮ್ನೆ ವ್ಯರ್ಥವಲ್ಲ, ಆದರೆ ಅಂತರ ದೊಡ್ಡದೇ.

ನನ್ನ ಆಯ್ಕೆ ತಂಡವೇ. ಆದರೆ ಇಂಥ ಕ್ಲಿನಿಕ್ ಎಲ್ಲೆಡೆ ಇಲ್ಲ. ನಿಮ್ಮೂರಲ್ಲಿ ಇಲ್ಲದಿದ್ದರೆ ಎರಡೂ ಕಡೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿಟ್ಟು ಇಬ್ಬರಿಗೂ ತೋರಿಸಿ. ಆದರೆ ಸಾಯುವ ಯೋಚನೆ ಬಂದರೆ ಕಾಯಬೇಡಿ, ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.