ಹತ್ತಿದ ಗೇರಿನಲ್ಲೇ ಇಳಿಸುವ ಆಟ ಯಾವುದು? ಮೂರು ಡ್ರೈವಿಂಗ್ ಸಿಮ್ಯುಲೇಟರ್‌ಗಳ ಹೋಲಿಕೆ

ಘಟ್ಟ ಹತ್ತುವುದಕ್ಕೆ ಎಂಜಿನ್ ಬೇಕು, ಇಳಿಯುವುದಕ್ಕೂ ಎಂಜಿನ್ನೇ ಬೇಕು. ಈ ಎರಡನೆಯ ಮಾತನ್ನು ಅರಿತಿರುವ ಆಟ ನನ್ನ ಪಾಲಿಗೆ ಒಂದೇ, ಬೀಮ್‌ಎನ್‌ಜಿ ಡ್ರೈವ್. ದುಡ್ಡು ಕೊಟ್ಟು ಕೊಂಡ ಆಟಗಳಲ್ಲಿ ಇದರಷ್ಟು ತೃಪ್ತಿ ಕೊಟ್ಟದ್ದು ಇನ್ನೊಂದಿಲ್ಲ. ಆದರೂ ಯೂರೋ ಟ್ರಕ್ ಸಿಮ್ಯುಲೇಟರ್ 2 ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ, ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಮೊಬೈಲಿನಲ್ಲಿದೆ. ಶಿವಮೊಗ್ಗದ ಗೆಳೆಯರು ಸೇರಿದಾಗಲೆಲ್ಲ ಈ ಮೂರರಲ್ಲಿ ಯಾವುದನ್ನು ಹಾಕಿಕೊಳ್ಳಬೇಕು, ಯಾವುದಕ್ಕೆ ಇನ್ನು ಯಾವ ಗಾಡಿ ಬರಬೇಕು ಎಂಬ ಚರ್ಚೆ ನಡೆಯುತ್ತದೆ. ನನ್ನ ಉತ್ತರವನ್ನು ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ನನ್ನ ಅಳತೆಗೋಲು ಯಾವುದೆಂದು ಮೊದಲೇ ಹೇಳುತ್ತೇನೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಒಂದೇ ವೇಗದಲ್ಲಿ ಓಡಿಸುವುದು ನನಗೆ ಒಗ್ಗುವುದಿಲ್ಲ. ರಾತ್ರಿ ಊಟವಾದ ಮೇಲೆ ಒಂದಿಷ್ಟು ಹೊತ್ತು ಸಿಕ್ಕರೆ ಒಂದೇ ಏರುದಾರಿಯನ್ನು ಮತ್ತೆ ಮತ್ತೆ ಹತ್ತಿ ಇಳಿಯುತ್ತೇನೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಿನಿ ಬಸ್ಸಿನಲ್ಲಿ ಇಳಿದವರಿಗೆ ಈ ಗೀಳು ಅರ್ಥವಾಗುತ್ತದೆ. ಬಾನೆಟ್ಟಿನ ಪಕ್ಕದ ಸೀಟು ಸಿಕ್ಕರಂತೂ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಮೊದಲ ತಿರುವು ಬರುವ ಮುನ್ನವೇ ಚಾಲಕ ಎರಡನೇ ಗೇರಿಗೆ ಇಳಿಸುತ್ತಾನೆ, ಎಂಜಿನ್ ದನಿ ಏರಿಸಿ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿನ ಮೇಲಿನ ಕಾಲು ಆಗಾಗ ಮುಟ್ಟಿ ಬಿಡುತ್ತದೆಯೇ ಹೊರತು ಒತ್ತಿಕೊಂಡೇ ಇರುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ನಮ್ಮ ಕಡೆಯ ಚಾಲಕರು ಹುಡುಗರಿಗೆ ಹೇಳಿಕೊಡುವ ಮೊದಲ ಪಾಠ. ಆಟದಲ್ಲೂ ಆ ಪಾಠಕ್ಕೆ ಬೆಲೆ ಇರಬೇಕು ಎಂಬುದು ನನ್ನ ಆಸೆ.

ಯೂರೋ ಟ್ರಕ್ ಬಂದದ್ದು 2012ರಲ್ಲಿ. ಅದನ್ನು ಮಾಡಿದ ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಇಷ್ಟು ವರ್ಷಗಳ ನಂತರವೂ ಹೊಸ ಟ್ರಕ್‌ಗಳನ್ನು ಸೇರಿಸುತ್ತಲೇ ಇದೆ ಎಂಬುದಕ್ಕೆ ಕೈ ಮುಗಿಯಬೇಕು. ಸ್ಕೇನಿಯಾ, ವೋಲ್ವೋ, ಡಾಫ್, ಮಾನ್, ರೆನೋ, ಇವೆಕೋ ಎಲ್ಲವೂ ತಮ್ಮ ನಿಜವಾದ ಹೆಸರಿನಲ್ಲೇ ಇವೆ. ಹಳೆಯ ಯಂತ್ರದಲ್ಲೂ ಆಟ ಸಲೀಸಾಗಿ ಓಡುತ್ತದೆ, ರಿಯಾಯಿತಿ ಕಾಲದಲ್ಲಿ ಕೊಂಡರೆ ಬಹಳ ಅಗ್ಗ. ಹೊಸ ದೇಶ, ರಸ್ತೆಗಳನ್ನು ಸೇರಿಸುವ ನಕಾಶೆಗಳಿಗೆ ಮಾತ್ರ ಪ್ರತ್ಯೇಕ ದುಡ್ಡು.

ತಕರಾರು ಇರುವುದು ಎಂಜಿನ್‌ಗಳ ಬಗ್ಗೆ. ಸ್ಕೇನಿಯಾದ 730 ಅಶ್ವಶಕ್ತಿಯ ವಿ8 ಎಂಜಿನ್ 3,500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ವೋಲ್ವೋದ 750 ಇನ್ನೂ ಒಂದು ಕೈ ಮೇಲು. ಅದನ್ನು ಹಾಕಿಕೊಂಡು ಆಲ್ಪ್ಸ್ ಹತ್ತಿದರೆ ಹತ್ತಿದ್ದೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ದಶಕಗಳ ಕಾಲ ಅಡಿಕೆ, ಮರ, ಹೆಂಚು ಹೊತ್ತ ಟಾಟಾ ಲಾರಿಗಳ 697 ಎಂಜಿನ್ನನ್ನು ನೆನೆಯಿರಿ. ಆರು ಸಿಲಿಂಡರ್, 5.7 ಲೀಟರ್, ಟರ್ಬೊ ಸೇರಿಸಿದ ಮೇಲೂ 130ರ ಆಸುಪಾಸಿನ ಅಶ್ವಶಕ್ತಿ. ಅದರಲ್ಲಿ ಏರು ಹತ್ತುವುದೆಂದರೆ ಪ್ರತಿ ಗೇರಿಗೂ ಒಂದು ಲೆಕ್ಕಾಚಾರ. ತಿರುವಿನಲ್ಲಿ ವೇಗ ಸತ್ತರೆ ಮತ್ತೆ ಒಂದನೇ ಗೇರಿನಿಂದಲೇ ಶುರು. ಆ ಲೆಕ್ಕಾಚಾರವೇ ನನಗೆ ಬೇಕಾದ ಆಟ.

ಏರಿನ ಕೊರತೆಯನ್ನು ಹೇಗಾದರೂ ಸಹಿಸಬಹುದು, ದುರ್ಬಲ ಎಂಜಿನ್ ಆರಿಸಿ ಭಾರ ಹೆಚ್ಚಿಸಿಕೊಂಡರೆ ಒಂದಿಷ್ಟು ಕಷ್ಟ ಸಿಗುತ್ತದೆ. ಇಳಿಜಾರಿಗೆ ಮಾತ್ರ ಮದ್ದೇ ಇಲ್ಲ. ತುಂಬಿದ ಟ್ರೇಲರ್ ಕಟ್ಟಿಕೊಂಡು, ಬೇಕೆಂದೇ ಮೇಲಿನ ಗೇರಿನಲ್ಲಿ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬೆಟ್ಟ ಇಳಿಸಿ ನೋಡಿದೆ. ಕೆಳಗೆ ಬಂದಾಗಲೂ ಟ್ರಕ್ ಮೇಲೆ ನಿಂತಷ್ಟೇ ಚೆನ್ನಾಗಿ ನಿಂತಿತು. ಬ್ರೇಕ್ ಕಾಯ್ದ ಲಕ್ಷಣವೇ ಇಲ್ಲ. ಏರ್ ಬ್ರೇಕಿನ ಒತ್ತಡವನ್ನು ನಿಜದಂತೆ ಮಾಡಿಕೊಳ್ಳುವ ಆಯ್ಕೆ ಇದೆ, ಪದೇ ಪದೇ ಒತ್ತಿದರೆ ಗಾಳಿ ಖಾಲಿಯಾಗುತ್ತದೆ, ಅದು ಮೆಚ್ಚತಕ್ಕದ್ದೇ. ಆದರೆ ಘಾಟಿಯಲ್ಲಿ ಚಾಲಕನನ್ನು ಕಾಡುವುದು ಗಾಳಿಗಿಂತ ಹೆಚ್ಚಾಗಿ ಶಾಖ.

ಈ ಒಂದೇ ವಿಷಯಕ್ಕೆ ಇಷ್ಟು ಜಗ್ಗಾಡುವುದು ಏಕೆಂದು ಕೇಳುವವರಿದ್ದಾರೆ. ಬ್ರೇಕ್ ಎಂದರೆ ಗಾಡಿಯ ಓಟವನ್ನು ಬಿಸಿಯಾಗಿ ಬದಲಿಸುವ ಸಾಧನ. ಬಿಸಿ ಹೊರಹೋಗಲು ಪುರುಸೊತ್ತು ಸಿಗದಿದ್ದರೆ ಬ್ರೇಕಿನ ಲೈನಿಂಗ್, ಅಂದರೆ ಉಜ್ಜಿ ನಿಲ್ಲಿಸುವ ಪಟ್ಟಿ, ಹಿಡಿತ ಕಳೆದುಕೊಳ್ಳುತ್ತದೆ, ಕಾಲು ಎಷ್ಟೇ ಅದುಮಿದರೂ ಗಾಡಿ ಕೇಳುವುದಿಲ್ಲ. ಹಾಗಾಗಿಯೇ ಗೇರು, ಹಾಗಾಗಿಯೇ ಎಗ್ಸಾಸ್ಟ್ ಬ್ರೇಕ್. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ ಕಾರಣ ತನ್ನಷ್ಟಕ್ಕೆ ಅದು ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹೊಗೆ ಹೋಗುವ ದಾರಿಯನ್ನೇ ಮುಚ್ಚಿ ಅದನ್ನು ಹಿಡಿಯುವಂತೆ ಮಾಡಬೇಕು, ಎಗ್ಸಾಸ್ಟ್ ಬ್ರೇಕ್ ಎಂದರೆ ಅದೇ. ಯೂರೋ ಟ್ರಕ್ಕಿನಲ್ಲಿ ಎಂಜಿನ್ ಬ್ರೇಕ್ ಇದೆ, ಚಕ್ರದ ಬ್ರೇಕ್ ಮುಟ್ಟದೆ ವೇಗ ತಗ್ಗಿಸುವ ರಿಟಾರ್ಡರ್ ಇದೆ, ಎರಡರ ಸದ್ದೂ ಸೊಗಸಾಗಿದೆ. ಬಳಸದಿದ್ದರೂ ಏನೂ ಆಗದು ಎಂದ ಮೇಲೆ ಅವು ಇದ್ದೂ ಇಲ್ಲದಂತೆ. ಅಲ್ಲಿಗೆ ಇನ್ನೂ ಹತ್ತು ಹೊಸ ಎಂಜಿನ್ ಬರಲಿ, ಸಾವಿರ ಅಶ್ವಶಕ್ತಿಯದ್ದೇ ಬರಲಿ, ಈ ಶಾಖದ ಲೆಕ್ಕ ಬರುವವರೆಗೆ ನನಗೆ ಹೊಸದು ಬಂದಂತೆ ಅನ್ನಿಸುವುದಿಲ್ಲ.

ಮೊಬೈಲಿನ ಆಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ 2017ರಲ್ಲಿ ಬಂತು, ಉಚಿತ, ಅಲ್ಲಿಯೂ ನಮ್ಮಂತೆ ರಸ್ತೆಯ ಎಡಕ್ಕೆ ಓಡಿಸಬೇಕು. ಆಟಗಾರರೇ ಮಾಡಿದ ಗಾಡಿಗಳನ್ನು ಸೇರಿಸಿಕೊಳ್ಳಬಹುದಾದ್ದರಿಂದ ನಮ್ಮ ಸಾರಿಗೆ ಸಂಸ್ಥೆಯ ಕೆಂಪು ಬಸ್ಸೂ ಸಿಗುತ್ತದೆ. ಮೈಬಣ್ಣ, ಬೋರ್ಡು, ಹಾರ್ನ್ ನೋಡಿ ಖುಷಿಯಾಗುತ್ತದೆ. ಓಡಿಸಲು ಶುರು ಮಾಡಿದರೆ ಒಂದು ಬಸ್ಸಿಗೂ ಇನ್ನೊಂದಕ್ಕೂ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಕಂಪ್ಯೂಟರ್ ಇಲ್ಲದವರು ಧಾರಾಳವಾಗಿ ಆಡಬಹುದು.

ಇನ್ನು ಬೀಮ್‌ಎನ್‌ಜಿ. ಜರ್ಮನಿಯ ಬ್ರೆಮೆನ್ ನಗರದಲ್ಲಿ ತಯಾರಾಗುವ ಈ ಆಟ 2015ರಿಂದ ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿದೆ. ಅಪಘಾತದಲ್ಲಿ ತಗಡು ನುಜ್ಜುಗುಜ್ಜಾಗುವ ವಿಡಿಯೊಗಳಿಂದ ಹೆಸರು ಮಾಡಿರುವುದರಿಂದ ಬಹಳ ಜನ ಇದನ್ನು ಗಾಡಿ ಒಡೆಯುವ ಆಟ ಎಂದುಕೊಂಡಿದ್ದಾರೆ. ಅದರ ನಿಜವಾದ ಸತ್ವ ಇರುವುದು ತಗಡಿನ ಒಳಗೆ. ಕ್ಲಚ್ಚನ್ನು ಅರ್ಧ ಒತ್ತಿ ಏರಿನಲ್ಲಿ ನಿಲ್ಲಿಸಿಕೊಂಡರೆ ಕ್ಲಚ್ ಕಾಯುತ್ತದೆ. ರೇಡಿಯೇಟರ್ ಒಡೆದರೆ ಎಂಜಿನ್ ಬಿಸಿಯೇರಿ ಕೆಡುತ್ತದೆ. ಹೊಳೆಗೆ ಇಳಿಸಿದಾಗ ಗಾಳಿ ಎಳೆದುಕೊಳ್ಳುವ ಬಾಯಿಗೆ ನೀರು ಹೊಕ್ಕರೆ ಎಂಜಿನ್ ಅಲ್ಲೇ ನಿಂತುಹೋಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟಿಸಿದ ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಯೂರೋ ಟ್ರಕ್ಕಿನಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಿದೆ. ಇಟಲಿ ಎಂಬ ನಕಾಶೆಯ ಬೆಟ್ಟದ ರಸ್ತೆ, ಭಾರ ಹೇರಿದ ಟಿ ಸೀರೀಸ್ ಟ್ರಕ್, ಮೇಲಿನ ಗೇರು, ಒತ್ತಿದ ಬ್ರೇಕು. ಪರದೆಯ ಮೂಲೆಯಲ್ಲಿ ಪ್ರತಿ ಚಕ್ರದ ಬ್ರೇಕಿನ ಬಿಸಿ ತೋರಿಸುವ ಪಟ್ಟಿ ತೆರೆದಿಟ್ಟಿದ್ದೆ. ಎರಡು ತಿರುವು ಏನೂ ಅನ್ನಿಸಲಿಲ್ಲ, ಅಂಕಿ ಮಾತ್ರ ಏರುತ್ತಿತ್ತು. ಮುಂದಿನ ತಿರುವಿನಲ್ಲಿ ಟ್ರಕ್ ನಾನು ಎಣಿಸಿದ್ದಕ್ಕಿಂತ ಮುಂದೆ ಹೋಗಿ ವೇಗ ಕಳೆದುಕೊಂಡಿತು. ಅದರ ಮುಂದಿನ ತಿರುವಿನಲ್ಲಿ ಪೆಡಲ್ ಪೂರ್ತಿ ಅದುಮಿದರೂ ವೇಗ ಇಳಿಯಲಿಲ್ಲ, ತಡೆಗೋಡೆಗೆ ಹೋಗಿ ಬಡಿಯಿತು. ಅದೇ ರಸ್ತೆಯನ್ನು ಕೆಳಗಿನ ಗೇರಿನಲ್ಲಿ, ಎಂಜಿನ್ ಬ್ರೇಕ್ ಹಾಕಿ ಇಳಿಸಿದಾಗ ಬ್ರೇಕಿಗೆ ಆಗಾಗ ಕಾಲು ತಾಗಿಸಿದರೆ ಸಾಕಾಯಿತು. ಆಗುಂಬೆಯ ಚಾಲಕ ಮಾಡುವುದೂ ಇದನ್ನೇ. ಆ ರಾತ್ರಿ ನನಗಾದ ಸಂತೋಷ ಇಷ್ಟೆಂದು ಹೇಳಲಾರೆ.

ಕೊರತೆಗಳೂ ಇವೆ. ಗಾಡಿಗಳೂ ಅವುಗಳ ಕಂಪನಿಗಳೂ ಕಲ್ಪನೆಯವು: ಗ್ಯಾವ್ರಿಲ್, ಇಬಿಶು, ಇಟಿಕೆ. ನಮ್ಮ ದೇಶದ್ದು ಎನ್ನುವಂಥ ಒಂದೂ ಇಲ್ಲ. ಯಂತ್ರವೂ ಗಟ್ಟಿಯಾಗಿರಬೇಕು, ನಾನು ಇದಕ್ಕೆಂದೇ ಲ್ಯಾಪ್‌ಟಾಪಿನ ರ‍್ಯಾಮ್ ಅನ್ನು 16 ಜಿಬಿಗೆ ಏರಿಸಿದೆ, ಆಟಕ್ಕೆ ಕೊಟ್ಟದ್ದಕ್ಕಿಂತ ಅದಕ್ಕೇ ಹೆಚ್ಚು ಖರ್ಚಾಯಿತು. ಒಮ್ಮೆ ಕೊಂಡರೆ ಮುಂದೆ ಬಂದ ಗಾಡಿ, ನಕಾಶೆಗಳಿಗೆ ಮತ್ತೆ ದುಡ್ಡು ಕೇಳಿಲ್ಲ ಎಂಬುದು ಸಮಾಧಾನ.

ನನ್ನ ಬೇಡಿಕೆಗಳೆಲ್ಲ ಈ ಆಟದ ಮುಂದೆಯೇ. ಮೊದಲನೆಯದು, ಚಾಲಕನ ಪಕ್ಕದಲ್ಲೇ ಎಂಜಿನ್ ಇರುವ ಮಿನಿ ಬಸ್ಸು. ದೊಡ್ಡ ಬಸ್ಸು ಈಗಾಗಲೇ ಇದೆ, ಆದರೆ ಅದು ನಗರದ ಸಮತಟ್ಟು ರಸ್ತೆಯ ಬಸ್ಸು. ನಾಲ್ಕು ಸಿಲಿಂಡರಿನ ಚಿಕ್ಕ ಡೀಸೆಲ್, ಐದು ಗೇರು, ಎಗ್ಸಾಸ್ಟ್ ಬ್ರೇಕ್, ಹಿಂದೆ ಜನರ ಭಾರ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅವಕಾಶ, ಇಷ್ಟಿದ್ದರೆ ಸಾಕು.

ಎರಡನೆಯದು ಜೀಪು. ಕೊಡಚಾದ್ರಿಯ ಕಲ್ಲುಮಣ್ಣಿನ ದಾರಿಯಲ್ಲಿ ಜೀಪು ಹತ್ತುವುದನ್ನು ನೋಡಿದವರಿಗೆ ವೇಗದ ಮಾತೇ ಹೊಳೆಯುವುದಿಲ್ಲ. ಆಟದ ಇಬಿಶು ಹಾಪರ್ ಆ ಜಾತಿಯದ್ದೇ, ಕೆಸರಿನಲ್ಲಿ ಬಹಳ ಚೆನ್ನಾಗಿ ಓಡಾಡುತ್ತದೆ, ಆದರೆ ಶಕ್ತಿ ತೀರಾ ಹೆಚ್ಚು. ಮಹೀಂದ್ರದ ಎಂಎಂ 540ರಲ್ಲಿ ಇದ್ದದ್ದು ಪ್ಯೂಜೊ ಮೂಲದ 2.1 ಲೀಟರ್ ಡೀಸೆಲ್. ಅಂಥದ್ದೊಂದನ್ನು ಹಾಪರಿನ ಎಂಜಿನ್ ಪಟ್ಟಿಗೆ ಸೇರಿಸಿದರೆ ಹೊಸ ಗಾಡಿಯನ್ನೇ ಕೊಟ್ಟಷ್ಟಾಗುತ್ತದೆ. ಆಟದಲ್ಲಿ ಎಂಜಿನ್ ಬದಲಿಸುವ ವ್ಯವಸ್ಥೆ ಈಗಾಗಲೇ ಇರುವುದರಿಂದ ಇದು ಅತಿಯಾಸೆ ಅಲ್ಲ.

ವಿದ್ಯುತ್ ಗಾಡಿಗಳ ಬಗ್ಗೆ ನನಗೆ ವಿರೋಧವಿಲ್ಲ. ಇಳಿಯುವಾಗ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿ ತುಂಬಿಸುವುದು ಘಾಟಿಗೆ ಹೇಳಿ ಮಾಡಿಸಿದ ಗುಣ. ಯೂರೋ ಟ್ರಕ್ಕಿಗೆ ರೆನೋದ ವಿದ್ಯುತ್ ಟ್ರಕ್ ಬಂದಾಗ ಎಲ್ಲಕ್ಕಿಂತ ಮೊದಲು ಅದನ್ನೇ ಓಡಿಸಿದೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. 8 ಜಿಬಿಯ ಹಳೆಯ ಲ್ಯಾಪ್‌ಟಾಪ್ ಇದ್ದು, ಹಾಡು ಕೇಳುತ್ತ ಊರೂರು ತಿರುಗುವ ಮನಸ್ಸಿದ್ದರೆ ಯೂರೋ ಟ್ರಕ್ಕನ್ನು ರಿಯಾಯಿತಿಯಲ್ಲಿ ತೆಗೆದುಕೊಳ್ಳಿ. ಗೇರು, ಕ್ಲಚ್ಚು, ಇಳಿಜಾರು ಇವುಗಳ ಮೇಲೆ ನನ್ನಷ್ಟೇ ಮೋಹವಿದ್ದರೆ ಬೀಮ್‌ಎನ್‌ಜಿ. ಸ್ಟೀರಿಂಗ್ ಚಕ್ರ ಈಗಲೇ ಬೇಡ, ಅದರ ದುಡ್ಡನ್ನು ಮೊದಲು ರ‍್ಯಾಮ್‌ಗೆ ಹಾಕಿ. ಚಕ್ರ ಕೊಳ್ಳುವ ದಿನ ಬಂದಾಗ ಕ್ಲಚ್ ಪೆಡಲ್ ಇರುವುದನ್ನೇ ಆರಿಸಿ, ಎರಡೇ ಪೆಡಲಿನದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.