ಬಿಲ್ಲಿ ಕಾಬಮ್ ಅವರ ‘ಸ್ಪೆಕ್ಟ್ರಮ್’: ಬದಿಯಡ್ಕದ ಮನೆಯಲ್ಲಿ 2009ರಿಂದ ಕೇಳುತ್ತಿರುವ ಆಲ್ಬಮ್

ಜಾಝ್ ಡ್ರಮ್ಮರ್ ಬಿಲ್ಲಿ ಕಾಬಮ್ ಅವರ ಈ ಆಲ್ಬಮ್ ನನ್ನ ಹತ್ತಿರ ಮೂರು ರೂಪದಲ್ಲಿ ಉಂಟು. 2009ರಲ್ಲಿ ಭಾವ ಬೆಂಗಳೂರಿನಿಂದ ತಂದುಕೊಟ್ಟ ಸಿಡಿ. ಕೆಲವು ವರ್ಷ ಬಿಟ್ಟು ನಾನೇ ತರಿಸಿಕೊಂಡ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ. ಈಗ ಮೊಬೈಲಿನಲ್ಲೂ ಉಂಟು. ಮೂರನ್ನೂ ಚೆನ್ನಾಗಿ ದುಡಿಸಿದ್ದೇನೆ. ಅಡಿಕೆ ಸುಲಿಯುವಾಗ ಕೇಳಿದ್ದೇನೆ, ಕರೆಂಟು ಹೋದ ಮಳೆಗಾಲದ ರಾತ್ರಿ ಇಯರ್‌ಫೋನಿನಲ್ಲಿ ಕೇಳಿದ್ದೇನೆ, ಕುಂಬಳೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಎಷ್ಟು ಸಲ ಅಂತ ಲೆಕ್ಕವೇ ಇಲ್ಲ.

ನಾನು ಮದ್ದಳೆ ಬಾರಿಸುವವನು. ಊರಿನ ತಾಳಮದ್ದಳೆ ಕೂಟಗಳಲ್ಲಿ, ಹವ್ಯಾಸಿ ಯಕ್ಷಗಾನ ಆಟಗಳಲ್ಲಿ ಕೂರುತ್ತೇನೆ. ಸೋದರಮಾವ ಕಲಿಸಿದ ವಿದ್ಯೆ. ಜಾಝ್ ಅಂದರೆ ಏನು ಅಂತ ಆಗ ಗೊತ್ತಿರಲಿಲ್ಲ. ಭಾವ ಹೇಳಿದ್ದು ಇಷ್ಟೇ: “ಇದು ಡ್ರಮ್ ಬಾರಿಸುವವರೇ ಮುಂದೆ ನಿಂತು ಮಾಡಿದ್ದು. ನಿನಗೆ ಖಂಡಿತ ಹಿಡಿಸ್ತದೆ.”

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಕಾಬಮ್ ಹುಟ್ಟಿದ್ದು 1944ರ ಮೇ 16ರಂದು ಪನಾಮಾದಲ್ಲಿ, ಬೆಳೆದದ್ದು ನ್ಯೂಯಾರ್ಕಿನಲ್ಲಿ. ಅಮೆರಿಕದ ಸೇನಾ ಬ್ಯಾಂಡಿನಲ್ಲಿ ಬಾರಿಸಿದವರು. ಆಮೇಲೆ ಪಿಯಾನೋದ ಹೊರೇಸ್ ಸಿಲ್ವರ್, ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಅಂಥವರ ಜೊತೆ ಕೂತರು. ಹೆಸರು ದೊಡ್ಡದಾದದ್ದು ಗಿಟಾರಿನ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ. ಇದೇ ಮೆಕ್‌ಲಾಫ್ಲಿನ್ ಮುಂದೆ ನಮ್ಮ ಝಾಕಿರ್ ಹುಸೇನ್, ಘಟಂ ವಿಕ್ಕು ವಿನಾಯಕರಾಮ್ ಅವರ ಜೊತೆ ‘ಶಕ್ತಿ’ ತಂಡ ಮಾಡಿದವರು. ಆ ಹೆಸರು ಕೇಳಿದ ಮೇಲೆ ನನಗೆ ಈ ಸಿಡಿಯ ಮೇಲೆ ಒಂದು ಸಲುಗೆ ಬಂತು.

‘ಸ್ಪೆಕ್ಟ್ರಮ್’ ಕಾಬಮ್ ಅವರ ಸ್ವಂತ ಹೆಸರಿನಲ್ಲಿ ಬಂದ ಮೊದಲ ಆಲ್ಬಮ್. 1973ರ ಮೇ 14ರಿಂದ 16ರವರೆಗೆ, ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ಮೂರೇ ದಿನಕ್ಕೆ ರೆಕಾರ್ಡ್ ಆಯಿತು. ಕೊನೆಯ ದಿನ ಅವರಿಗೆ 29 ತುಂಬಿತು. ಅದೇ ವರ್ಷ ಅಟ್ಲಾಂಟಿಕ್ ಕಂಪನಿ ಹೊರಗೆ ತಂದಿತು. ಹಾಡುವವರು ಯಾರೂ ಇಲ್ಲ, ಎಲ್ಲ ವಾದ್ಯವೇ. ಒಟ್ಟು 37 ನಿಮಿಷ. ಕುಂಬಳೆಯಲ್ಲಿ ಹಾಕಿದರೆ ತಲಪಾಡಿ ಹತ್ತಿರ ಮುಗಿಯುತ್ತದೆ, ರಸ್ತೆಯಲ್ಲಿ ಬ್ಲಾಕ್ ಇಲ್ಲದಿದ್ದರೆ.

ಮೊದಲ ಸಲ ಹಾಕಿದಾಗ ಮೊದಲ ರಚನೆ ‘ಕ್ವಾಡ್ರಂಟ್ 4’ ಶುರುವಾಯಿತು. ಎರಡು ಬಾಸ್ ಡ್ರಮ್ ಇಟ್ಟು ಎರಡೂ ಕಾಲಿನಿಂದ ಬಾರಿಸುವುದು. ಏರು ಪದ್ಯದ ಕೊನೆಗೆ ವೇಷಧಾರಿ ಗಿರಗಿರನೆ ತಿರುಗುತ್ತ ಧಿಗಿಣ ಹಾರುವಾಗ ಚೆಂಡೆ ಹೇಗೆ ಉರುಳುತ್ತದೆ, ಆ ವೇಗದಲ್ಲೇ ಪದ್ಯ ಶುರುವಾದರೆ ಹೇಗಿರಬಹುದು! ನಾಲ್ಕು ನಿಮಿಷ ಚಿಲ್ಲರೆ ಎಲ್ಲೂ ಇಳಿಯುವುದಿಲ್ಲ. ಅದರ ಮೇಲೆ ಗಿಟಾರು ಮತ್ತು ಸಿಂಥಸೈಜರ್ ಒಂದರ ಬೆನ್ನಿಗೆ ಒಂದು ಬಿದ್ದು ಓಡುತ್ತವೆ. ಯಾವುದು ಯಾವುದು ಅಂತ ನನಗೆ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಕೀಬೋರ್ಡಿನ ಯಾನ್ ಹ್ಯಾಮರ್ ಮೂಗ್ ಕಂಪನಿಯ ಸಿಂಥಸೈಜರಿನ ಸ್ವರವನ್ನು ಗಿಟಾರಿನ ತಂತಿಯ ಹಾಗೆ ಎಳೆದು ಬಗ್ಗಿಸುತ್ತಾರೆ. ಅದೇ ಗೊಂದಲ. ಹ್ಯಾಮರ್ ಕೂಡ ಮಹಾವಿಷ್ಣು ತಂಡದಿಂದಲೇ ಬಂದವರು.

ಗಿಟಾರು ಟಾಮಿ ಬೋಲಿನ್ ಅವರದ್ದು. ರೆಕಾರ್ಡಿಂಗ್ ದಿನ ಅವರಿಗೆ 21 ವರ್ಷ. ಎಕೋಪ್ಲೆಕ್ಸ್ ಅಂತ ಟೇಪಿನಲ್ಲಿ ಪ್ರತಿಧ್ವನಿ ಮಾಡುವ ಒಂದು ಯಂತ್ರ ಇಟ್ಟುಕೊಂಡು ಸ್ವರವನ್ನು ಎಲ್ಲಿಂದ ಎಲ್ಲಿಗೋ ಎಸೆಯುತ್ತಾರೆ. 1975ರಲ್ಲಿ ಡೀಪ್ ಪರ್ಪಲ್ ಅನ್ನುವ ರಾಕ್ ತಂಡ ಸೇರಿದರು. 1976ರ ಡಿಸೆಂಬರಿನಲ್ಲಿ ತೀರಿಹೋದರು, 25ರ ಪ್ರಾಯದಲ್ಲಿ. ಇದು ಗೊತ್ತಾದ ದಿನ ಆಲ್ಬಮ್ ಹಾಕಲು ಮನಸ್ಸೇ ಬರಲಿಲ್ಲ. ನಮ್ಮ ಮೇಳಗಳಲ್ಲೂ ಹೀಗೆ ಚಿಕ್ಕ ಪ್ರಾಯಕ್ಕೆ ಹೋದವರನ್ನು ನೋಡಿದ್ದೇವೆ ಅಲ್ವಾ, ಆ ನೋವು ಗೊತ್ತು.

ಮೊದಲ ಎರಡು ವರ್ಷ ನಾನು ಕೇಳಿದ್ದು ಡ್ರಮ್ ಒಂದನ್ನೇ. ಬೇರೆ ಎಲ್ಲವೂ ಹಿಂದಿನ ಪರದೆ. ವೇಗ, ಉರುಳಿಕೆ, ಮುಕ್ತಾಯ, ಇಷ್ಟೇ ನನಗೆ ಬೇಕಾಗಿದ್ದದ್ದು. ಎಲ್ಲಿ ಜಾಸ್ತಿ ಪೆಟ್ಟು ಉಂಟೋ ಅಲ್ಲಿಗೆ ಹಿಂದೆ ತಂದು ಮತ್ತೆ ಹಾಕುತ್ತಿದ್ದೆ. ಈಗ ಯೋಚಿಸಿದರೆ ಅರ್ಧ ಆಲ್ಬಮನ್ನು ಕೇಳಿಯೇ ಇರಲಿಲ್ಲ.

ಅದು ಬದಲಾದದ್ದು ‘ಸ್ಟ್ರೇಟಸ್’ನಲ್ಲಿ, ಅದೂ ಸೋದರಮಾವನಿಂದ.

ಆಟಿ ತಿಂಗಳು. ಹೊರಗೆ ಸುರಿಯುತ್ತಿತ್ತು, ತೋಟದ ಕೆಲಸ ಇಲ್ಲ. ಮಾವ ಬಂದು ಜಗಲಿಯಲ್ಲಿ ಎಲೆತಟ್ಟೆ ಎಳೆದುಕೊಂಡು ಕೂತಿದ್ದರು. ಒಳಗೆ ನಾನು ಹಾಕಿದ್ದ ‘ಸ್ಟ್ರೇಟಸ್’ ನಡೆಯುತ್ತಿತ್ತು. ಇದು ಸುಮಾರು ಹತ್ತು ನಿಮಿಷದ ರಚನೆ. ಮೊದಲ ಮೂರು ನಿಮಿಷ ಸಿಂಥಸೈಜರಿನ ಗುಂಯ್‌ಗುಟ್ಟುವಿಕೆ, ಅದರ ನಡುವೆ ಡ್ರಮ್ಮಿನ ಬಿಡಿ ಬಿಡಿ ಮಾತು. ನಮ್ಮ ಲೆಕ್ಕದಲ್ಲಿ ಪೀಠಿಕೆ ಅನ್ನಿ. ಆಮೇಲೆ ಬಾಸ್ ಗಿಟಾರಿನ ಒಂದು ಸಾಲು ಬರುತ್ತದೆ. ಬಂದದ್ದು ಹೋಗುವುದೇ ಇಲ್ಲ. ಅದೇ ಸಾಲು, ಅದೇ ಜಾಗದಲ್ಲಿ, ಅದೇ ತೂಕದಲ್ಲಿ, ಕೊನೆಯವರೆಗೆ.

ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ಎಲೆಯ ಮೇಲೆ ಹಾಗೇ ನಿಂತಿತು.

“ಆ ಕೆಳಗಿಂದ ಬರುವ ಸ್ವರ ಎಂತದು?” ಅಂತ ಕೇಳಿದರು.

“ಬಾಸ್ ಗಿಟಾರು ಮಾವ.”

“ಹೇಳಿದ್ದನ್ನೇ ಹೇಳ್ತಾ ಇದ್ದಾನಲ್ಲ ಮಾರಾಯ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಜಾಗಟೆ ಅವನ ಕೈಯಲ್ಲಿ ಉಂಟು. ಅದಕ್ಕೇ ಬಡಿಯುವವನಿಗೆ ಹೆದರಿಕೆ ಇಲ್ಲ.”

ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಜಾಗಟೆ ಇರುವುದು ಪದ್ಯ ಹಾಡುವ ಭಾಗವತರ ಕೈಯಲ್ಲಿ. ಆಟ ಯಾವ ವೇಗದಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಲ್ಲ ಅವರದ್ದೇ ತೀರ್ಮಾನ. ಚೆಂಡೆ ಮದ್ದಳೆಯವರು ಎಷ್ಟೇ ದೊಡ್ಡವರಾದರೂ ಜಾಗಟೆಯ ಹಿಂದೆ ನಡೆಯುವವರು. ಇಲ್ಲಿ ಆಲ್ಬಮ್ ಕಾಬಮ್ ಅವರದ್ದು, ಹೊದಿಕೆಯ ಮೇಲೆ ಹೆಸರು ಅವರದ್ದು, ರಚನೆ ಅವರದ್ದು. ಆದರೂ ಜಾಗಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದಾರೆ! ಆ ಇನ್ನೊಬ್ಬರು ಲೀ ಸ್ಕ್ಲಾರ್. ಜಾಝ್‌ನವರೇ ಅಲ್ಲ, ಜೇಮ್ಸ್ ಟೇಲರ್ ಅಂಥ ಗಾಯಕರ ಹಿಂದೆ ಬಾಸ್ ಹಿಡಿಯುತ್ತಿದ್ದವರು. ಹಾಡುವವರ ದಾರಿಗೆ ಅಡ್ಡ ಬರಬಾರದು ಅಂತ ಗೊತ್ತಿದ್ದವರು. ಕಾಬಮ್ ಅಂಥವರನ್ನೇ ಹುಡುಕಿ ತಂದು ಕೂರಿಸಿದ್ದಾರೆ.

ಮಾವನಿಗೆ ಉಳಿದದ್ದು ಹಿಡಿಸಲಿಲ್ಲ ಅಂತಲೂ ಹೇಳಬೇಕು. ಬೋಲಿನ್ ಅವರ ಗಿಟಾರು ಏರಿದ ಕೂಡಲೇ “ಇಷ್ಟು ಕಿರುಚಬೇಕಾ?” ಅಂತ ಎದ್ದು ಒಳಗೆ ಹೋದರು. ಆಮೇಲೆ ಎಂದೂ ಹಾಕು ಅಂತ ಕೇಳಲಿಲ್ಲ.

ನಾನು ಮಾತ್ರ ಆವತ್ತಿನಿಂದ ‘ಸ್ಟ್ರೇಟಸ್’ ಅನ್ನು ಕೆಳಗಿನಿಂದ ಕೇಳಲು ಶುರು ಮಾಡಿದೆ. ಮೊದಲು ಬಾಸ್ ಹಿಡಿದುಕೊಳ್ಳುವುದು, ಅದರ ಮೇಲೆ ಡ್ರಮ್ ಕೇಳುವುದು. ಹಾಗೆ ಕೇಳಿದಾಗ ಗೊತ್ತಾಗುತ್ತದೆ, ಕಾಬಮ್ ನಿಮಿಷಗಟ್ಟಲೆ ಏನೂ ‘ಮಾಡುವುದಿಲ್ಲ’. ನಾಲ್ಕರ ಲೆಕ್ಕ, ನೇರ ನಡೆ. ಆದರೆ ಸ್ನೇರ್ ಡ್ರಮ್ಮಿನ ದೊಡ್ಡ ಪೆಟ್ಟುಗಳ ನಡುವೆ ಕೋಲಿನ ತುದಿ ಚರ್ಮಕ್ಕೆ ಮುಟ್ಟಿತೋ ಇಲ್ಲವೋ ಅನ್ನುವಷ್ಟು ಸಣ್ಣ ಪೆಟ್ಟುಗಳು ಉಂಟು. ಮದ್ದಳೆಯಲ್ಲಿ ಎಡಗೈ ಬೆರಳು ಸುಮ್ನೆ ಆಡಿಸುತ್ತೇವಲ್ಲ, ಹಾಗೆ. ಅದನ್ನು ತೆಗೆದರೆ ಆ ನಡೆ ಕುಂಟುತ್ತದೆ. ಮೇಲೆ ಗಿಟಾರು ಮಾತಾಡುವಾಗ ಅವರು ಕೇಳಿಸಿಕೊಳ್ಳುತ್ತಾರೆ, ಗಿಟಾರು ಉಸಿರು ತೆಗೆದುಕೊಳ್ಳುವಲ್ಲಿ ಒಂದು ಸಣ್ಣ ಉತ್ತರ ಕೊಡುತ್ತಾರೆ. ಕೊನೆ ಹತ್ತಿರ ಬಂದಾಗ ಬಾಸ್ ಅದೇ ಸಾಲು ಹಿಡಿದಿರುತ್ತದೆ, ಡ್ರಮ್ ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ಕಟ್ಟಿಟ್ಟ ನೀರನ್ನು ಕಟ್ಟ ಒಡೆದು ಬಿಟ್ಟ ಹಾಗೆ. ಈಗಲೂ ಆ ಜಾಗ ಬಂದಾಗ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ಈ ಬಾಸ್ ಸಾಲನ್ನು 1991ರಲ್ಲಿ ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡ ಎತ್ತಿಕೊಂಡು ತಮ್ಮ ಹಾಡಿಗೆ ತಳಪಾಯ ಮಾಡಿತು. ಗಿಟಾರಿನ ಜೆಫ್ ಬೆಕ್ ವೇದಿಕೆಯಲ್ಲಿ ‘ಸ್ಟ್ರೇಟಸ್’ ನುಡಿಸುತ್ತಿದ್ದರು. ಎಲ್ಲರಿಗೂ ಬೇಕಾದದ್ದು ಈ ಒಂದೇ ರಚನೆ. ಆಶ್ಚರ್ಯ ಇಲ್ಲ.

ಇದು ನನ್ನ ಬಾರಿಸುವಿಕೆಯನ್ನೂ ಬದಲಿಸಿತು. ತಾಳಮದ್ದಳೆಯಲ್ಲಿ ಪದ್ಯ ನಿಂತ ಮೇಲೆ ಬಾರಿಸಬೇಕಾದ ಬಿಡ್ತಿಗೆ, ಪದ್ಯ ಮುಗಿಯುವ ಮೊದಲೇ ನನ್ನದು ಶುರುವಾಗುತ್ತಿತ್ತು. ಸಿಕ್ಕಿದ ಜಾಗದಲ್ಲೆಲ್ಲ ಪೆಟ್ಟು ತುಂಬುತ್ತಿದ್ದೆ. ಮಾವ ವರ್ಷಗಟ್ಟಲೆ ಹೇಳಿದ್ದು ಕಿವಿಗೆ ಹೋಗಿರಲಿಲ್ಲ. ‘ಸ್ಟ್ರೇಟಸ್’ ಕೇಳಿ ಕೇಳಿ ಕೈ ತಾನಾಗಿ ಸ್ವಲ್ಪ ತಡೆಯಿತು. ನೀರ್ಚಾಲಿನ ಹತ್ತಿರ ಒಂದು ಕೂಟ ಮುಗಿಸಿ ಬರುವಾಗ ಭಾಗವತರು “ಇವತ್ತು ಹಾಡ್ಲಿಕ್ಕೆ ಜಾಗ ಇತ್ತು” ಅಂದರು. ಆ ರಾತ್ರಿ ಮನೆಗೆ ಬಂದು ಮತ್ತೆ ಇದನ್ನೇ ಹಾಕಿದೆ.

ಬಾರಿಸುವವರಿಗೆ ಇನ್ನೊಂದು ವಿಷಯ. ಸಾಮಾನ್ಯವಾಗಿ ಬಲಗೈ ಅಭ್ಯಾಸದ ಡ್ರಮ್ಮರುಗಳು ಎಡಬದಿಯ ಹೈ-ಹ್ಯಾಟ್ ತಾಳಕ್ಕೆ ಬಲಗೈಯನ್ನು ಎಡಗೈಯ ಮೇಲಿನಿಂದ ದಾಟಿಸಿ ಬಾರಿಸುತ್ತಾರೆ. ಕಾಬಮ್ ಕೈ ದಾಟಿಸುವುದಿಲ್ಲ. ಹೈ-ಹ್ಯಾಟಿಗೆ ಎಡಗೈ, ಸ್ನೇರಿಗೆ ಬಲಗೈ. ಅವರು ಬಾರಿಸುವ ವಿಡಿಯೋ ಸಿಕ್ಕಿದರೆ ನೋಡಿ. ಎರಡೂ ಕೈ ಬಿಡಿ ಬಿಡಿಯಾಗಿ ತೆರೆದುಕೊಂಡಿರುವುದು ಕಾಣುತ್ತದೆ. ಎಡಗೈ ಬಲಗೈ ಎರಡಕ್ಕೂ ಸಮ ಕೆಲಸ ಇರುವ ಮದ್ದಳೆಯವನಿಗೆ ಅದು ಬಹಳ ಹತ್ತಿರದ್ದು ಅನ್ನಿಸುತ್ತದೆ.

ಉಳಿದ ರಚನೆಗಳಲ್ಲಿ ‘ರೆಡ್ ಬ್ಯಾರನ್’ ನನಗೆ ಇಷ್ಟ. ಅವಸರ ಇಲ್ಲದ ನಡಿಗೆ, ಸಂಜೆಗೆ ಸರಿ. ಅದರ ಮೊದಲು ಅಂಟಿಸಿದ ‘ಸ್ನೂಪೀಸ್ ಸರ್ಚ್’ ಒಂದು ನಿಮಿಷದ ಸಿಂಥಸೈಜರ್ ತುಣುಕು, ಅದು ಆ ಕಾಲಕ್ಕೆ ಹೊಸತಾಗಿದ್ದಿರಬಹುದು, ಇವತ್ತಿಗೆ ಹಳತಾಗಿದೆ. ‘ಟಾರಿಯನ್ ಮಾಟಡೋರ್’ ಚುರುಕು. ಹೆಸರಿನ ರಚನೆ ‘ಸ್ಪೆಕ್ಟ್ರಮ್’ ಮತ್ತು ‘ಲ ಲೀಸ್’ನಲ್ಲಿ ತಂಡವೇ ಬೇರೆ: ಬಾಸಿಗೆ ರಾನ್ ಕಾರ್ಟರ್, ಗಿಟಾರಿಗೆ ಜಾನ್ ಟ್ರೋಪಿಯಾ, ಕಾಂಗಾ ಡ್ರಮ್ಮಿಗೆ ರೇ ಬಾರೆಟ್ಟೊ, ಊದುವ ವಾದ್ಯಗಳಿಗೆ ಜೋ ಫ್ಯಾರೆಲ್ ಮತ್ತು ಜಿಮ್ಮಿ ಓವೆನ್ಸ್. ಎಲ್ಲರೂ ದೊಡ್ಡವರೇ. ಆದರೂ ನನಗೆ ಆ ಎರಡು ಕಡೆ ಆಲ್ಬಮಿನ ಬಿಸಿ ಸ್ವಲ್ಪ ಇಳಿದ ಹಾಗೆ ಕಾಣುತ್ತದೆ. ಇಷ್ಟು ವರ್ಷ ಕೇಳಿದ ಮೇಲೂ ಈ ಅಭಿಪ್ರಾಯ ಬದಲಾಗಿಲ್ಲ. ‘ಲ ಲೀಸ್’ಗೆ ಮೊದಲು ಹ್ಯಾಮರ್ ಒಬ್ಬರೇ ಪಿಯಾನೋದಲ್ಲಿ ನುಡಿಸುವ ಚಿಕ್ಕ ಭಾಗ ಮಾತ್ರ ಬಿಡಬೇಡಿ.

ಈಗ ಕೊಳ್ಳುವವರಿಗೆ. ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ದಮ್ಮಯ್ಯ. ಬಾಸ್ ಪೂರ್ತಿ ಮಾಯ, ಜಾಗಟೆ ಇಲ್ಲದ ಆಟ ಆಗುತ್ತದೆ. ಸಾಧಾರಣ ಇಯರ್‌ಫೋನ್ ಸಾಕು. ರೆಕಾರ್ಡಿಂಗ್ ಮಾಡಿದ ಕೆನ್ ಸ್ಕಾಟ್ ಹಿಂದೆ ಬೀಟಲ್ಸ್, ಡೇವಿಡ್ ಬೋವಿ ಅವರ ಜೊತೆ ಕೆಲಸ ಮಾಡಿದವರು, ಡ್ರಮ್ಮಿನ ಒಂದೊಂದು ತುಂಡೂ ಬಿಡಿಸಿ ಕೇಳುತ್ತದೆ. ಹಾಡುಗಳನ್ನು ಕಲಸಿ ಹಾಕುವ ಶಫಲ್ ಆಯ್ಕೆ ಬಂದ್ ಮಾಡಿ. ಡ್ರಮ್ಮಿನ ಪೀಠಿಕೆಗಳು ಮುಂದಿನ ರಚನೆಗೆ ಅಂಟಿಕೊಂಡಿವೆ.

ಎಲ್‌ಪಿ ಬೇಕಾದರೆ ಎರಡನೇ ಬದಿ ‘ಸ್ಟ್ರೇಟಸ್’ನಿಂದಲೇ ಶುರುವಾಗುವುದು ಒಂದು ದೊಡ್ಡ ಲಾಭ. ಆದರೆ ನಮ್ಮ ಕಡೆಯ ಮಳೆಗೆ ಎಲ್‌ಪಿ ಸುಲಭದ್ದಲ್ಲ. ಆನ್‌ಲೈನಿನಲ್ಲಿ ತರಿಸಿದ ಮೊದಲ ಪ್ರತಿ ಬಾಗಿ ಬಂದಿತ್ತು, ಬದಲಿಸಿಕೊಳ್ಳಲು ಒಂದೂವರೆ ತಿಂಗಳು ಓಡಾಟ ಆಯಿತು. ಎರಡನೆಯದಕ್ಕೆ ಮೊದಲ ಮಳೆಗಾಲದಲ್ಲೇ ಹೊದಿಕೆಯ ಮೂಲೆಗೆ ಬೂಜು ಹಿಡಿಯಿತು. ಈಗ ಮೇ ಕೊನೆಗೆ ಹೊದಿಕೆಯನ್ನು ಬೇರೆ ಮಾಡಿ ಪ್ಲಾಸ್ಟಿಕ್ ಲಕೋಟೆಗೆ ಹಾಕುತ್ತೇನೆ, ರೆಕಾರ್ಡನ್ನು ಕಾಗದದ ಒಳಚೀಲದಲ್ಲಿ ನೇರ ನಿಲ್ಲಿಸಿ ಕಪಾಟಿನಲ್ಲಿ ಇಡುತ್ತೇನೆ, ಜೊತೆಗೆ ಎರಡು ಸಿಲಿಕಾ ಪೊಟ್ಟಣ. ಅಡಿಗೆ ಕೋಣೆಯ ಅಟ್ಟ ಒಣಗಿರುತ್ತದೆ ಅಂತ ಅಲ್ಲಿ ಇಡಬೇಡಿ, ಬಿಸಿಗೆ ಬಾಗುತ್ತದೆ.

2009ರ ಸಿಡಿ ಕಾರಿನಲ್ಲೇ ಉಂಟು. ಗೀರು ಬಿದ್ದು ‘ಕ್ವಾಡ್ರಂಟ್ 4’ ಒಂದು ಕಡೆ ಹಾರುತ್ತದೆ. ‘ಸ್ಟ್ರೇಟಸ್’ಗೆ ಏನೂ ಆಗಿಲ್ಲ.